ತಾಮ್ರದ ದೂಳು ಚಿಮ್ಮಿಸಿದ ಕ್ಷ-ಕಿರಣ

ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದ ತಾಮ್ರದ ಚೊಂಬಿನಲ್ಲಿ ಮುಖ ಕಾಣುತ್ತದೆ. ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ತಾಮ್ರ ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ಕಳಿಸುವುದರಿಂದ ಬರುವ ಹೊಳಪು ಅದು. ದೇವರ ಮನೆಯಲ್ಲಿ ಈ ಗುಣ ಕಣ್ಣಿಗೆ ಹಬ್ಬ. ಲೇಸರ್ ಬೆಳಕನ್ನು ಲೋಹದೊಳಕ್ಕೆ ನುಗ್ಗಿಸಿ ಕ್ಷ-ಕಿರಣ ಹೊರಡಿಸಬೇಕೆಂದು ಕೂತವರನ್ನು ಮಾತ್ರ ಇದೇ ಗುಣ ವರ್ಷಗಟ್ಟಲೆ ಕಾಡಿತು.

2003ರ ಮಾರ್ಚ್ ತಿಂಗಳಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ಕೆಲವೇ ಪುಟಗಳ ಒಂದು ಪ್ರಬಂಧ ಬಂತು. ಬರೆದವರು ಪಿ.ಪಿ. ರಾಜೀವ್, ಪಿ. ತನೇಜಾ, ಪೂಷನ್ ಅಯ್ಯೂಬ್, ಎ.ಎಸ್. ಸಂಧು ಮತ್ತು ಜಿ. ರವೀಂದ್ರ ಕುಮಾರ್. ಐವರೂ ಮುಂಬಯಿಯ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು. ಅವರು ಹೇಳಿದ್ದು ಇಷ್ಟು: ಕನ್ನಡಿಯಂತೆ ಹೊಳೆಯುವ ತಾಮ್ರದ ಮೇಲೆ ಲೇಸರ್ ಹೊಡೆದಾಗ ಬರುವ ಕ್ಷ-ಕಿರಣಕ್ಕಿಂತ, ತಾಮ್ರದ ನ್ಯಾನೋಕಣಗಳನ್ನು ಲೇಪಿಸಿದ ಮೇಲ್ಮೈಯಿಂದ 13 ಪಟ್ಟು ಹೆಚ್ಚು ಬರುತ್ತದೆ. ಲೇಸರ್ ಅದೇ, ಲೋಹವೂ ಅದೇ. ಬದಲಾದದ್ದು ಮೇಲ್ಮೈಯ ರೂಪ ಮಾತ್ರ.

ನಮ್ಮ ದೇಶದ ಪ್ರಯೋಗ ಭೌತವಿಜ್ಞಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲಿತಾಂಶಗಳಲ್ಲಿ ಇದೊಂದು. ಆ 13 ಪಟ್ಟಿನ ಬೆಲೆ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1895ರ ನವೆಂಬರ್ 8ರ ಸಂಜೆ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಗಾಳಿ ತೆಗೆದ ಗಾಜಿನ ನಳಿಗೆಯಲ್ಲಿ ವಿದ್ಯುತ್ ಹರಿಸುತ್ತಿದ್ದರು. ನಳಿಗೆಗೆ ಕಪ್ಪು ರಟ್ಟು ಸುತ್ತಿತ್ತು. ಆದರೂ ದೂರದಲ್ಲಿದ್ದ ಬೇರಿಯಂ ಲವಣದ ಪರದೆ ಮಿನುಗಿತು. ಅದೇ ಡಿಸೆಂಬರ್ 22ರಂದು ಅವರು ಹೆಂಡತಿ ಬರ್ತಾ ಅವರ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆಗಳೂ ಮೂಳೆಯ ಸುತ್ತ ತೇಲಿದಂತೆ ಕಾಣುವ ಉಂಗುರವೂ ಅದರಲ್ಲಿ ಮೂಡಿದವು. ನಡೆದದ್ದೇನೆಂಬುದು ಎರಡು ವರ್ಷದ ನಂತರ ಎಲೆಕ್ಟ್ರಾನ್ ಪತ್ತೆಯಾದ ಮೇಲೆ ಬಿಡಿಸಿ ತಿಳಿಯಿತು. ವೇಗವಾಗಿ ಓಡುವ ಎಲೆಕ್ಟ್ರಾನ್ ಗಟ್ಟಿ ವಸ್ತುವಿಗೆ ಬಡಿದು ಗಕ್ಕನೆ ನಿಂತರೆ ಕಳೆದುಕೊಂಡ ಶಕ್ತಿಯ ಒಂದು ಚೂರು ಕ್ಷ-ಕಿರಣವಾಗಿ ಹೊಮ್ಮುತ್ತದೆ. ಉಳಿದದ್ದೆಲ್ಲ ಶಾಖ. ಇಂದಿನ ಆಸ್ಪತ್ರೆಯ ಎಕ್ಸ್-ರೇ ನಳಿಗೆಯಲ್ಲೂ ಎಲೆಕ್ಟ್ರಾನುಗಳಿಗೆ ಕೊಟ್ಟ ಶಕ್ತಿಯಲ್ಲಿ ಕಿರಣವಾಗುವುದು ಶೇಕಡಾ 1ರ ಆಸುಪಾಸು. ಎಲೆಕ್ಟ್ರಾನು ತಡೆದು ನಿಂತಲ್ಲಿ ಕಿರಣ ಹುಟ್ಟುವ ನಿಯಮ ಈ ಕಥೆಯ ಕೊನೆಯವರೆಗೂ ಬಹುಮಟ್ಟಿಗೆ ಬದಲಾಗುವುದಿಲ್ಲ. ಎಲೆಕ್ಟ್ರಾನನ್ನು ಓಡಿಸುವ ಚಾವಟಿ ಮಾತ್ರ ಬದಲಾಗುತ್ತದೆ.

ಚಾವಟಿ ಬದಲಿಸುವ ಅಗತ್ಯ ಹುಟ್ಟಿದ್ದು ಕಾಲದ ಪ್ರಶ್ನೆಯಿಂದ. ಹರಳಿನೊಳಗೆ ಪರಮಾಣುಗಳು ಎಲ್ಲೆಲ್ಲಿ ಕೂತಿವೆ ಎಂದು ಕ್ಷ-ಕಿರಣದಿಂದ ನೋಡುವ ವಿದ್ಯೆ 1912ರಿಂದಲೇ ಇತ್ತು. ಆದರೆ ಅದು ಕೂತವರ ಚಿತ್ರ. ಹರಳು ಕರಗುವ ಗಳಿಗೆಯಲ್ಲಿ, ಅಣುವಿನ ಬಂಧ ಮುರಿಯುವ ಗಳಿಗೆಯಲ್ಲಿ ಪರಮಾಣುಗಳು ಹೇಗೆ ಜರುಗುತ್ತವೆ ಎಂಬುದನ್ನು ಹಿಡಿಯಲು ಆ ಚಲನೆಗಿಂತ ಚುರುಕಾದ ಮಿಂಚು ಬೇಕು. ಒಂದು ಸೆಕೆಂಡನ್ನು 1,000 ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಫೆಮ್ಟೋಸೆಕೆಂಡ್ ಎನ್ನುತ್ತಾರೆ. ಪರಮಾಣುಗಳ ಅಲುಗಾಟ ನಡೆಯುವುದು ಸುಮಾರು 100 ಫೆಮ್ಟೋಸೆಕೆಂಡಿನ ಲೆಕ್ಕದಲ್ಲಿ. ಅಷ್ಟು ಹೊತ್ತಿನಲ್ಲಿ ಬೆಳಕೇ ಕೇವಲ 30 ಮೈಕ್ರೋಮೀಟರ್ ಸಾಗುತ್ತದೆ, ನಮ್ಮ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಬಿಸಿ ತಂತಿಯಿಂದ ಎಲೆಕ್ಟ್ರಾನು ಹೊರಡಿಸಿ ವೋಲ್ಟೇಜಿನಿಂದ ಓಡಿಸುವ ನಳಿಗೆಗೆ ಆ ಚುರುಕು ಸಾಧ್ಯವಿರಲಿಲ್ಲ.

ಚುರುಕು ಬಂದದ್ದು ಲೇಸರಿನಿಂದ. 1960ರ ಮೇ 16ರಂದು ಅಮೆರಿಕದ ಮಾಲಿಬೂವಿನಲ್ಲಿ ಥಿಯೋಡೋರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಬೆಳಗಿಸಿದರು. ಮರುವರ್ಷವೇ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ಆ ಕೆಂಪು ಬೆಳಕನ್ನು ಸ್ಫಟಿಕದ ಮೂಲಕ ಹಾಯಿಸಿ, ಅದರಲ್ಲೊಂದು ಅತಿ ಸಣ್ಣ ಪಾಲು ಅರ್ಧ ತರಂಗಾಂತರದ ನೇರಳಾತೀತ ಬೆಳಕಾಗಿ ಹೊರಬಂದುದನ್ನು ಕಂಡರು. ಛಾಯಾಫಲಕದ ಮೇಲೆ ಅದರ ಗುರುತು ಒಂದು ಮಸುಕು ಚುಕ್ಕೆ. ಪತ್ರಿಕೆಯಲ್ಲಿ ಅಚ್ಚಾಗುವಾಗ ಆ ಚುಕ್ಕೆಯನ್ನು ದೂಳಿನ ಕಲೆಯೆಂದು ತಿಳಿದು ಅಳಿಸಿಬಿಟ್ಟರು. ಬಾಣದ ಗುರುತು ಖಾಲಿ ಜಾಗವನ್ನು ತೋರಿಸುತ್ತ ಉಳಿಯಿತು. ಆ ಚುಕ್ಕೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಐವತ್ತು ವರ್ಷದ ನಂತರ ನಮ್ಮ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಲೇಸರ್ ಮಿಡಿತಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಬಂದವು. ಚಿಕ್ಕ ಮಿಡಿತದಲ್ಲಿ ಹೆಚ್ಚು ಶಕ್ತಿ ತುಂಬಲು ಹೋದರೆ ಬೆಳಕನ್ನು ಬಲಪಡಿಸುವ ವರ್ಧಕದ ಹರಳೇ ಸುಟ್ಟುಹೋಗುತ್ತಿತ್ತು. 1985ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆರಾರ್ ಮೂರು ಮತ್ತು ಅವರ ವಿದ್ಯಾರ್ಥಿನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಇದಕ್ಕೆ ಉಪಾಯ ಕಂಡರು. ಮಿಡಿತವನ್ನು 1.4 ಕಿಲೋಮೀಟರ್ ಉದ್ದದ ಗಾಜಿನ ಎಳೆಯೊಳಗೆ ಹರಿಸಿ ಕಾಲದಲ್ಲಿ ಎಳೆದು ಉದ್ದ ಮಾಡುವುದು, ಹೀಗೆ ತೆಳುವಾದ ಮೇಲೆ ಶಕ್ತಿ ತುಂಬುವುದು, ಕೊನೆಗೆ ಒತ್ತೊತ್ತಾದ ಗೀರುಸಾಲಿನ ಜೋಡಿ ಫಲಕಗಳಿಂದ, ಅಂದರೆ ಗ್ರೇಟಿಂಗುಗಳಿಂದ, ಮತ್ತೆ ಒತ್ತಿ ಗಿಡ್ಡ ಮಾಡುವುದು. ಸ್ಟ್ರಿಕ್‌ಲ್ಯಾಂಡ್ ಅವರ ಮೊದಲ ವಿಜ್ಞಾನ ಪ್ರಬಂಧ ಅದು. 2018ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್ ಅವರ ನಂತರ ಭೌತವಿಜ್ಞಾನದ ನೊಬೆಲ್ ಪಡೆದ ಮೂರನೆಯ ಮಹಿಳೆ ಸ್ಟ್ರಿಕ್‌ಲ್ಯಾಂಡ್. ಈ ಉಪಾಯಕ್ಕೆ 1982ರಲ್ಲಿ ಪೀಟರ್ ಮೌಲ್ಟನ್ ರೂಪಿಸಿದ ಟೈಟೇನಿಯಂ-ನೀಲಮಣಿ ಲೇಸರ್ ಜೊತೆಯಾದಾಗ, ಒಂದು ಕಟ್ಟಡವೇ ಬೇಕಾಗಿದ್ದ ತೀವ್ರತೆಯ ಬೆಳಕು ಒಂದೆರಡು ಮೇಜಿನ ಮೇಲೆ ಸಿಗತೊಡಗಿತು.

ಹೀಗೆ ಕೈಗೆ ಬಂದ ಬೆಳಕನ್ನು ಲೋಹದ ಮೇಲೆ ಹೊಡೆದರೆ ಏನಾಗುತ್ತದೆ? ಮಿಡಿತದ ಮುಂಗಾಲು ತಾಗುತ್ತಿದ್ದಂತೆ ಮೇಲ್ಪದರದ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬರುತ್ತವೆ. ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಅಲ್ಲಿ ಲೋಹ ಇರುವುದಿಲ್ಲ, ಕಿತ್ತುಬಂದ ಎಲೆಕ್ಟ್ರಾನುಗಳೂ ಅವನ್ನು ಕಳೆದುಕೊಂಡ ಪರಮಾಣುಗಳೂ (ಅಯಾನುಗಳು) ಬೆರೆತ ಬಿಸಿ ಪ್ಲಾಸ್ಮಾ ಇರುತ್ತದೆ. ಆ ಪ್ಲಾಸ್ಮಾದ ಎಲೆಕ್ಟ್ರಾನುಗಳಲ್ಲಿ ಕೆಲವು ಬೆಳಕಿನಿಂದ ವೇಗ ಪಡೆದು ಹಿಂದಿರುವ ಗಟ್ಟಿ ಲೋಹಕ್ಕೆ ನುಗ್ಗಿ ನಿಲ್ಲುತ್ತವೆ. ನಿಂತಲ್ಲಿ ರಾಂಟ್‌ಜನ್ ಕಂಡ ಅದೇ ಕಿರಣ. ನಳಿಗೆಯಿಲ್ಲ, ಸಾವಿರಾರು ವೋಲ್ಟಿನ ತಂತಿಯಿಲ್ಲ, ಮಿಡಿತ ಮುಗಿದಂತೆ ಕಿರಣವೂ ಬೇಗನೆ ನಿಲ್ಲುತ್ತದೆ.

ತೊಡಕು ಹುಟ್ಟುವುದು ಇಲ್ಲೇ. ನ್ಯಾನೋಸೆಕೆಂಡಿನಷ್ಟು ಉದ್ದದ ಹಳೆಯ ಮಿಡಿತಗಳಲ್ಲಿ ಪ್ಲಾಸ್ಮಾಕ್ಕೆ ಹಬೆಯಂತೆ ಹರಡಿಕೊಳ್ಳಲು ಬಿಡುವಿತ್ತು, ಆ ಹಬೆಯೊಳಗೆ ಬೆಳಕು ದೂರ ಸಾಗುತ್ತ ಹೀರಿಹೋಗುತ್ತಿತ್ತು. 100 ಫೆಮ್ಟೋಸೆಕೆಂಡಿನಲ್ಲಿ ಪ್ಲಾಸ್ಮಾ ಹೊರಕ್ಕೆ ಸರಿಯುವುದು ಹತ್ತಾರು ನ್ಯಾನೋಮೀಟರಿನಷ್ಟು. ಅಂಚು ಚೂಪಾಗಿಯೇ ಉಳಿಯುತ್ತದೆ. ಒಳಗೆ ಎಲೆಕ್ಟ್ರಾನುಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ಬೆಳಕಿಗೆ ದಾರಿ ಸಿಗದೆ ದೊಡ್ಡ ಪಾಲು ಹಿಂದಿರುಗುತ್ತದೆ. ತಾಮ್ರ ಕರಗಿ ಪ್ಲಾಸ್ಮಾ ಆದರೂ ಕನ್ನಡಿಯ ಗುಣ ಬಿಡಲಿಲ್ಲ. ಮಿಡಿತ ಚಿಕ್ಕದಾಗುವುದು ಬೇಕು, ಚಿಕ್ಕದಾದರೆ ಬೆಳಕು ಒಳಗೆ ಹೋಗದು. ಇದು ಎಂಬತ್ತರ ದಶಕದ ಕೊನೆಯಲ್ಲಿ ಈ ಕ್ಷೇತ್ರದ ಇಕ್ಕಟ್ಟು.

ಇಕ್ಕಟ್ಟನ್ನು ಬಿಡಿಸಲು ಮೊದಲು ಮೇಲ್ಮೈಗೆ ಕೈ ಹಚ್ಚಿದವರಲ್ಲಿ ಐರ್ಲೆಂಡಿನಿಂದ ಬರ್ಕ್ಲಿಗೆ ಓದಲು ಬಂದಿದ್ದ ಮಾರ್ಗರೆಟ್ ಮರ್ನೇನ್ ಮುಖ್ಯರು. ಹೆನ್ರಿ ಕಾಪ್ಟೀನ್, ರೋಜರ್ ಫಾಲ್ಕೋನ್ ಮೊದಲಾದವರ ಜೊತೆ ಅವರು 1993ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ನಯವಾದ ಲೋಹದ ಬದಲು ಸೂಕ್ಷ್ಮ ಗೀರುಸಾಲಿನ ಮೇಲ್ಮೈ ಮತ್ತು ಲೋಹದ ಸಣ್ಣ ಗುಚ್ಛಗಳ ಮೇಲ್ಮೈಯನ್ನು ಲೇಸರಿಗೆ ಒಡ್ಡಿದರು. ಬೆಳಕಿನ ಶೇಕಡಾ 90ಕ್ಕೂ ಹೆಚ್ಚು ಪಾಲು ಒಳಗೇ ಉಳಿಯಿತು. 2000ದಲ್ಲಿ ಟೊರಾಂಟೊದ ಒಂದು ಗುಂಪು ನಿಕಲ್ ಲೋಹದ ನ್ಯಾನೋ ಎಳೆಗಳನ್ನು ಒತ್ತಾಗಿ ನಿಲ್ಲಿಸಿ ಮಖಮಲ್ಲಿನಂಥ ಮೇಲ್ಮೈ ಮಾಡಿ ಕ್ಷ-ಕಿರಣ ಹೆಚ್ಚಿಸಿತು. ಅವರು ಅದಕ್ಕಿಟ್ಟ ಹೆಸರೂ ‘ವೆಲ್ವೆಟ್’ ಎಂದೇ. ಗಟ್ಟಿ ಲೋಹ ಬಿಟ್ಟು ಅನಿಲದ ಕಡೆ ಹೋದವರೂ ಇದ್ದರು. ಕ್ಸೆನಾನಿನಂಥ ಜಡಾನಿಲ ತಣ್ಣಗಾದಾಗ ಸಾವಿರಾರು ಪರಮಾಣುಗಳು ಒಟ್ಟುಗೂಡಿ ಉಂಡೆ ಕಟ್ಟುತ್ತವೆ. ಅಂಥ ಒಂದೊಂದು ಉಂಡೆಯೂ ಲೇಸರ್ ಬೆಳಕನ್ನು ಆಶ್ಚರ್ಯವಾಗುವಷ್ಟು ನುಂಗಿ ಸಿಡಿಯುತ್ತದೆಂದು ಷಿಕಾಗೊ ಮತ್ತು ಲಂಡನ್ನಿನ ಪ್ರಯೋಗಗಳು ತೊಂಬತ್ತರ ದಶಕದಲ್ಲಿ ತೋರಿಸಿದ್ದವು.

ಸಣ್ಣ ಚೂರು ಬೆಳಕನ್ನು ಹೀಗೆ ಹಿಡಿಯುವುದು ಯಾಕೆ? ಉತ್ತರದ ಮೊದಲ ಎಳೆ ಲೇಸರಿಗಿಂತ ನೂರು ವರ್ಷ ಹಳೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೇಲ್ ಫ್ಯಾರಡೆ ಚಿನ್ನದ ಲವಣವನ್ನು ರಂಜಕದಿಂದ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟರು. ನೀರು ಮಾಣಿಕ್ಯದಂತೆ ಕೆಂಪಾಯಿತು. 1857ರಲ್ಲಿ ಈ ಬಗ್ಗೆ ಉಪನ್ಯಾಸ ಕೊಟ್ಟು, ಚಿನ್ನವು ಚಿನ್ನವಾಗಿಯೇ ಉಳಿದು ಗಾತ್ರ ಬದಲಾದ ಮಾತ್ರಕ್ಕೆ ಬೆಳಕಿನೊಡನೆ ನಡೆದುಕೊಳ್ಳುವ ಬಗೆ ಬದಲಾಗುತ್ತದೆ ಎಂದು ವಾದಿಸಿದರು. 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಅದಕ್ಕೆ ಗಣಿತ ಕಟ್ಟಿಕೊಟ್ಟರು.

ಅದನ್ನು ಗಣಿತವಿಲ್ಲದೆ ಹೀಗೆ ಹೇಳಬಹುದು. ಅರೆ ತುಂಬಿದ ಕೊಡ ಹೊತ್ತು ನಡೆಯುವಾಗ ಹೆಜ್ಜೆಯ ಲಯವೂ ಒಳಗಿನ ನೀರು ಓಲಾಡುವ ಲಯವೂ ಒಂದಾದರೆ ನೀರು ಎದ್ದೆದ್ದು ಹೊರಗೆ ಚೆಲ್ಲುತ್ತದೆ. ನಡಿಗೆ ಜೋರಾಗಬೇಕೆಂದಿಲ್ಲ, ಲಯ ಕೂಡಿದರೆ ಸಾಕು. ಲೋಹದ ಕಣದೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳು ಆ ಕೊಡದ ನೀರಿದ್ದಂತೆ, ಬೆಳಕಿನ ವಿದ್ಯುತ್ ಕ್ಷೇತ್ರ ಹೆಜ್ಜೆಯಿದ್ದಂತೆ. ಲಯ ಕೂಡಿದಾಗ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ತುಳುಕುತ್ತವೆ, ಕಣದ ತೊಗಟೆಯ ಬಳಿ ವಿದ್ಯುತ್ ಕ್ಷೇತ್ರ ಹೊರಗಿನಿಂದ ಬಂದದ್ದಕ್ಕಿಂತ ಹಲವು ಪಟ್ಟು ಬಲವಾಗುತ್ತದೆ. ಭೌತವಿಜ್ಞಾನಿಗಳು ಇದನ್ನು ಮೇಲ್ಮೈ ಪ್ಲಾಸ್ಮಾನ್ ಎನ್ನುತ್ತಾರೆ. ಕಣ ದುಂಡಗಿರದೆ ಉದ್ದುದ್ದವಾಗಿದ್ದರೆ ಇನ್ನೊಂದು ಲಾಭವಿದೆ. ದೇವಸ್ಥಾನದ ಗೋಪುರದ ತುದಿಯಲ್ಲಿ ನೆಟ್ಟ ಸಿಡಿಲು ಸಲಾಕೆಯ ಮೊನೆಯಲ್ಲಿ ಆಗುವಂತೆ, ಚೂಪಾದ ತುದಿಯಲ್ಲಿ ಕ್ಷೇತ್ರ ಒತ್ತೊತ್ತಾಗಿ ಸೇರುತ್ತದೆ. ಮುಂಬಯಿಯವರ ಪ್ರಬಂಧ ಹೆಸರಿಸುವುದೂ ಈ ಎರಡು ಕಾರಣಗಳನ್ನೇ: ಮೇಲ್ಮೈ ಪ್ಲಾಸ್ಮಾನ್ ಮತ್ತು ಸಿಡಿಲು ಸಲಾಕೆಯ ಪರಿಣಾಮ.

ಈಗ ಕೊಲಾಬಾಕ್ಕೆ ಬರೋಣ. ಅಲ್ಲಿನ ಟಾಟಾ ಸಂಸ್ಥೆಯೊಡನೆ ಕನ್ನಡಿಗರಾದ ನಮಗೊಂದು ನಂಟಿದೆ. ಭೌತವಿಜ್ಞಾನಿ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗಲೇ ಅದರ ಕನಸು ಕಂಡು ಟಾಟಾ ಟ್ರಸ್ಟಿಗೆ ಪತ್ರ ಬರೆದರು. 1945ರ ಜೂನಿನಲ್ಲಿ ಅದು ಕೆಲಸ ಶುರು ಮಾಡಿದ್ದೂ ಬೆಂಗಳೂರಿನ ಅದೇ ಆವರಣದಲ್ಲಿ. ಆ ವರ್ಷ ಕಳೆಯುವುದರೊಳಗೆ ಮುಂಬಯಿಗೆ ಹೋಯಿತು.

ಅಲ್ಲಿನ ಪ್ರಯೋಗದಲ್ಲಿ ಎರಡು ವಿದ್ಯೆಗಳು ಕೈಕೂಡಿಸಿದವು. ಅಯ್ಯೂಬ್ ನ್ಯಾನೋವಸ್ತುಗಳ ತಜ್ಞರು. ಸ್ವಲ್ಪ ಹೆಚ್ಚು ಒತ್ತಡದ ಅನಿಲ ತುಂಬಿದ ಪೆಟ್ಟಿಗೆಯಲ್ಲಿ ತಾಮ್ರದ ಗಟ್ಟಿಯಿಂದ ಪರಮಾಣುಗಳನ್ನು ಸಿಡಿಸಿ ಹೊರಡಿಸಿದರೆ, ಅವು ದಾರಿಯಲ್ಲಿ ಅನಿಲಕ್ಕೆ ಡಿಕ್ಕಿ ಹೊಡೆಯುತ್ತ ನಿಧಾನಿಸಿ ಗುಂಪುಗೂಡಿ ಕಣಗಳಾಗಿ ಬಂದು ಕೂರುತ್ತವೆ. ಸ್ಪಟರಿಂಗ್ ಎಂದು ಇದರ ಹೆಸರು. ಅನಿಲದ ಒತ್ತಡ ಬದಲಿಸಿದರೆ ಕಣದ ಗಾತ್ರ ಬದಲಾಗುತ್ತದೆ. ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್ ಎಂದಿಟ್ಟುಕೊಂಡರೆ, ಹತ್ತಾರು ನ್ಯಾನೋಮೀಟರಿನ ಇಂಥ ಕಣಗಳು ಅದರ ಅಡ್ಡಕ್ಕೆ ಸಾವಿರಗಟ್ಟಲೆ ಸಾಲು ನಿಂತಾವು. ರವೀಂದ್ರ ಕುಮಾರ್ ಅವರದು ಲೇಸರ್ ಪಾಳಯ. ಅವರ ಬಳಿ 806 ನ್ಯಾನೋಮೀಟರ್ ತರಂಗಾಂತರದ, 100 ಫೆಮ್ಟೋಸೆಕೆಂಡಿನ ಮಿಡಿತಗಳಿದ್ದವು. ಮಸೂರ-ಕನ್ನಡಿಗಳಿಂದ ಒಂದು ಚುಕ್ಕೆಗೆ ಕೂಡಿಸಿದಾಗ ಅವುಗಳ ತೀವ್ರತೆ ಚದರ ಸೆಂಟಿಮೀಟರಿಗೆ 100 ಲಕ್ಷ ಕೋಟಿಯಿಂದ 1,000 ಲಕ್ಷ ಕೋಟಿ ವಾಟ್. ನಡುಹಗಲಿನ ಬಿಸಿಲು ಅಷ್ಟೇ ಜಾಗಕ್ಕೆ ತರುವುದು ಸುಮಾರು 0.1 ವಾಟ್.

ಸಂಖ್ಯೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ 2003ರ ಹೊತ್ತಿಗೆ ಬೇರೆ ದೇಶಗಳ ದೊಡ್ಡ ಲೇಸರುಗಳು ಇದಕ್ಕಿಂತ ಸಾವಿರ ಪಟ್ಟು, ಹತ್ತು ಸಾವಿರ ಪಟ್ಟು ತೀವ್ರತೆ ಮುಟ್ಟಿದ್ದವು. ಈ ಕ್ಷೇತ್ರದಲ್ಲಿ ಎಲ್ಲರ ಓಟವೂ ಲೇಸರನ್ನು ದೊಡ್ಡದು ಮಾಡುವ ಕಡೆಗಿತ್ತು. ಮುಂಬಯಿಯವರು ಕೇಳಿದ ಪ್ರಶ್ನೆ ಬೇರೆ. ಇರುವ ಲೇಸರಿನಲ್ಲೇ, ಹೊಡೆಸಿಕೊಳ್ಳುವ ವಸ್ತುವನ್ನು, ಪ್ರಯೋಗಾಲಯದ ಮಾತಿನಲ್ಲಿ ಟಾರ್ಗೆಟ್ಟನ್ನು, ತಿದ್ದಿ ಎಷ್ಟು ದೂರ ಹೋಗಬಹುದು? ಮರ್ನೇನ್ ಮತ್ತು ಟೊರಾಂಟೊದವರು ತೆರೆದ ದಾರಿ ಇದೇ ಆಗಿದ್ದರೂ, ಕಣದ ಆಕಾರಕ್ಕೂ ಹೊಮ್ಮುವ ಕಿರಣಕ್ಕೂ ಇರುವ ಸಂಬಂಧವನ್ನು ಸರಳ ಲೆಕ್ಕದಿಂದ ಅಳತೆಗೆ ಸರಿಹೊಂದುವಂತೆ ವಿವರಿಸಿ, ಎಂಥ ಮೇಲ್ಮೈ ಕಟ್ಟಿದರೆ ಲಾಭ ಹೆಚ್ಚು ಎಂದು ಸೂಚಿಸಿದ್ದು ಮುಂಬಯಿಯ ಕೆಲಸದ ತೂಕ.

ಆ 100 ಫೆಮ್ಟೋಸೆಕೆಂಡಿನೊಳಗೆ ನಡೆಯುವುದನ್ನು ನಿಧಾನವಾಗಿ ನೋಡುವುದು ಒಳ್ಳೆಯದು. 806 ನ್ಯಾನೋಮೀಟರಿನ ಬೆಳಕಿನ ಒಂದು ಫೋಟಾನಿನ ಶಕ್ತಿ ಒಂದೂವರೆ ಎಲೆಕ್ಟ್ರಾನ್-ವೋಲ್ಟ್. ಹೊರಗೆ ಬಂದ ಕ್ಷ-ಕಿರಣಗಳ ಶಕ್ತಿ 10,000ದಿಂದ 2,00,000 ಎಲೆಕ್ಟ್ರಾನ್-ವೋಲ್ಟ್. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯುವ ಕಿರಣಗಳೂ ಈ ವ್ಯಾಪ್ತಿಯವೇ. ಅಂದರೆ ಒಳಗೆ ಹೋದ ಫೋಟಾನಿಗಿಂತ ಹೊರಗೆ ಬಂದ ಫೋಟಾನು ಲಕ್ಷ ಪಟ್ಟು ಬಲಶಾಲಿ ಆಗಿರಬಹುದು. ಇದು ಪವಾಡವಲ್ಲ, ಕೂಡಿಡುವಿಕೆ. ಬೆಳಕಿನ ವಿದ್ಯುತ್ ಕ್ಷೇತ್ರ ಎಲೆಕ್ಟ್ರಾನನ್ನು ಒಮ್ಮೆ ಆಚೆ ಒಮ್ಮೆ ಈಚೆ ತಳ್ಳುತ್ತದೆ. ಪೂರ್ತಿ ಒಂದು ಆವರ್ತ ಮುಗಿದರೆ ಕೊಟ್ಟದ್ದನ್ನು ಹಿಂದೆ ಪಡೆಯುತ್ತದೆ. ಆದರೆ ನಡುವೆ ಎಲೆಕ್ಟ್ರಾನು ಯಾವುದಾದರೂ ಅಯಾನಿಗೆ ಡಿಕ್ಕಿ ಹೊಡೆದರೆ, ಅಥವಾ ಮೇಲ್ಮೈಯಿಂದ ಹೊರಕ್ಕೆಳೆಯಲ್ಪಟ್ಟು ಮರಳಿ ಬೆಳಕು ತಲುಪದ ಆಳಕ್ಕೆ ಎಸೆಯಲ್ಪಟ್ಟರೆ, ಸಿಕ್ಕಿದ ಶಕ್ತಿ ಅದರ ಬಳಿಯೇ ಉಳಿಯುತ್ತದೆ. ಇಂಥ ಅವಕಾಶಗಳು ಸೇರಿ ಕೆಲವು ಎಲೆಕ್ಟ್ರಾನುಗಳು ಹತ್ತಾರು ಸಾವಿರ ವೋಲ್ಟಿನ ಓಟ ಪಡೆಯುತ್ತವೆ. ಬಿಸಿ ಎಲೆಕ್ಟ್ರಾನುಗಳು ಎಂದು ಅವನ್ನು ಕರೆಯುತ್ತಾರೆ. ನ್ಯಾನೋಕಣ ಇಲ್ಲಿ ಮಾಡುವುದು ಎರಡು ಕೆಲಸ: ತನ್ನ ಸುತ್ತ ಕ್ಷೇತ್ರವನ್ನು ಬಲಪಡಿಸಿ ತಳ್ಳುವಿಕೆ ಹೆಚ್ಚಿಸುತ್ತದೆ, ಕನ್ನಡಿಯ ಮೈಯನ್ನು ಒಡೆದು ಬೆಳಕು ಹಿಂದಿರುಗದಂತೆ ನೋಡಿಕೊಳ್ಳುತ್ತದೆ. ನುಣ್ಣಗೆ ಪುಡಿಯಾದ ಲೋಹ ಕಪ್ಪಗೆ ಕಾಣುವುದೂ ಬೆಳಕು ಹೀಗೆ ಒಳಗೇ ಕಳೆದುಹೋಗುವುದರಿಂದ.

ಇದಕ್ಕೊಂದು ಶರತ್ತಿದೆ, ಪ್ರಯೋಗ ಮಾಡುವವರ ನಿದ್ದೆಗೆಡಿಸುವ ಶರತ್ತು. ಮುಖ್ಯ ಮಿಡಿತ ಬಂದು ಬಡಿಯುವ ತನಕ ಕಣಗಳು ಕಣಗಳಾಗಿಯೇ ಇರಬೇಕು. ಯಾವ ಲೇಸರ್ ಮಿಡಿತವೂ ಒಂಟಿಯಾಗಿ ಬರುವುದಿಲ್ಲ. ಅದಕ್ಕೆ ಮೊದಲು ಮಂದ ಬೆಳಕಿನ ಪೀಠಿಕೆಯೊಂದು ಬಂದಿರುತ್ತದೆ. ಮುಖ್ಯ ಮಿಡಿತದ 10 ಲಕ್ಷದಲ್ಲೊಂದು ಪಾಲಿನಷ್ಟೇ ಅದು ಇದ್ದರೂ, ಲೇಸರ್ ಬಹಳ ದೊಡ್ಡದಾಗಿದ್ದರೆ ಆ ಒಂದು ಪಾಲೇ ಕಣಗಳನ್ನು ಕರಗಿಸಿ ಮೇಲ್ಮೈಯನ್ನು ಸಪಾಟು ಮಾಡಿಬಿಡುತ್ತದೆ. ಆಮೇಲೆ ಬರುವ ದೊರೆಗೆ, ಅಂದರೆ ಮುಖ್ಯ ಮಿಡಿತಕ್ಕೆ, ಮತ್ತೆ ಕನ್ನಡಿಯೇ ಎದುರಾಗುತ್ತದೆ. ಮಿತವಾದ ತೀವ್ರತೆಯಲ್ಲಿ ಈ ಅಪಾಯ ಕಡಿಮೆ. ದೊಡ್ಡ ಲೇಸರ್ ತಂದುಕೊಂಡವರೆಲ್ಲ ಆಮೇಲೆ ಪೀಠಿಕೆಯನ್ನು ಅಳಿಸುವುದಕ್ಕೇ ವರ್ಷಗಟ್ಟಲೆ ದುಡಿಯಬೇಕಾಯಿತು.

ಅದೇ 2003ರಲ್ಲಿ ರವೀಂದ್ರ ಕುಮಾರ್ ಅವರಿಗೆ ಭಟ್ನಾಗರ್ ಪ್ರಶಸ್ತಿ ಸಂದಿತು. 2015ರಲ್ಲಿ ಬೆಂಗಳೂರಿನ ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನ ತನ್ನ ಭೌತವಿಜ್ಞಾನದ ಬಹುಮಾನವನ್ನು ಅವರಿಗೆ ಕೊಟ್ಟಿತು. ಲೇಸರ್ ಪ್ಲಾಸ್ಮಾದೊಳಗಿನ ಕಾಂತಕ್ಷೇತ್ರಗಳ ಮೇಲಿನ ಕೆಲಸ ಆ ಬಹುಮಾನಕ್ಕೆ ಮುಖ್ಯ ಕಾರಣ. ಅದು ಬೇರೆಯೇ ಒಂದು ಲೇಖನಕ್ಕೆ ಸಾಕಾಗುವ ಕಥೆ.

ಟಾರ್ಗೆಟ್ ತಿದ್ದುವ ದಾರಿಯನ್ನು ಟಾಟಾ ಸಂಸ್ಥೆ ಬಿಡಲಿಲ್ಲ. 2008ರಲ್ಲಿ ಅಲ್ಲಿಯವರು ತರಂಗಾಂತರಕ್ಕಿಂತ ಕಿರಿದಾದ ಗೀರುಸಾಲುಗಳಿಂದ ತೀವ್ರ ಲೇಸರ್ ಬೆಳಕನ್ನು ಹೆಚ್ಚುಕಡಿಮೆ ಪೂರ್ತಿ ಹೀರಿಸಿ ತೋರಿಸಿದರು. 2012ರಲ್ಲಿ ಎಂ. ಕೃಷ್ಣಮೂರ್ತಿ ಮತ್ತು ಸಂಗಡಿಗರು ಮಾಡಿದ್ದು ಇನ್ನೂ ಚೆಲುವಾದ ಪ್ರಯೋಗ. ಲೋಹದ ಕಣಗಳನ್ನು ಕಷ್ಟಪಟ್ಟು ಮಾಡುವ ಬದಲು ಅವರು ಪ್ರಕೃತಿ ಮಾಡಿಟ್ಟ ಕಣಗಳನ್ನೇ ಬಳಸಿದರು. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಒಂದೆರಡು ಮೈಕ್ರೋಮೀಟರ್ ಉದ್ದದ, ತುದಿ ದುಂಡಗಾದ ಗುಳಿಗೆಯಂತಿದೆ. ಅವುಗಳ ಕೆಲವು ಮೈಕ್ರೋಮೀಟರಿನ ಪದರವನ್ನು ಗಾಜಿನ ಮೇಲೆ ಹಚ್ಚಿ ಲೇಸರ್ ಹೊಡೆದಾಗ, ಗಡುಸಾದ, ಅಂದರೆ ಹೆಚ್ಚು ಶಕ್ತಿಯ, ಕ್ಷ-ಕಿರಣ ಬರಿಯ ಗಾಜಿಗಿಂತ ನೂರು ಪಟ್ಟಿಗೂ ಹೆಚ್ಚಿನ ಪ್ರಮಾಣದಲ್ಲಿ ಬಂತು.  ಇಲ್ಲಿ ಬೇಕಾದದ್ದು ಬ್ಯಾಕ್ಟೀರಿಯಾದ ಆಕಾರ. ಬಿಸಿ ಎಲೆಕ್ಟ್ರಾನುಗಳ ಹುಟ್ಟಿನಲ್ಲಿ ಆಕಾರಕ್ಕೆ ಎಷ್ಟು ಅಧಿಕಾರವಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮುಂದೆ ಅವರು ಬ್ಯಾಕ್ಟೀರಿಯಾದೊಳಗೆ ಬೆಳ್ಳಿಯ ನ್ಯಾನೋಕಣಗಳನ್ನೂ ಬೆಳೆಸಿ ಕಿರಣವನ್ನು ಇನ್ನಷ್ಟು ಹೆಚ್ಚಿಸಿದರು.

ಅತ್ತ ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಹೋರ್ಹೆ ರೋಕಾ ಅವರ ಗುಂಪು ದೊಡ್ಡ ಲೇಸರನ್ನೂ ತಿದ್ದಿದ ಮೇಲ್ಮೈಯನ್ನೂ ಒಟ್ಟಿಗೆ ತಂದಿತು. ಬ್ರಷ್ಷಿನ ಕೂದಲಿನಂತೆ ಸಾಲಾಗಿ ನಿಂತ ಚಿನ್ನದ ನ್ಯಾನೋ ಎಳೆಗಳು ಅವರ ಟಾರ್ಗೆಟ್. ಪೀಠಿಕೆಯ ಕಾಟ ತಪ್ಪಿಸಲು ಅವರು ಬಳಸಿದ್ದು 1961ರಲ್ಲಿ ಫ್ರಾಂಕೆನ್ ಕಂಡ ಸಂಗತಿಯನ್ನೇ. ಲೇಸರ್ ಬೆಳಕನ್ನು ಹರಳಿನ ಮೂಲಕ ಹಾಯಿಸಿ ಅರ್ಧ ತರಂಗಾಂತರಕ್ಕೆ ಇಳಿಸಿದರೆ, ತೀವ್ರವಾದ ಮುಖ್ಯ ಮಿಡಿತ ಚೆನ್ನಾಗಿ ಬದಲಾಗುತ್ತದೆ, ಮಂದವಾದ ಪೀಠಿಕೆ ಬದಲಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಬದಲಾಗದ್ದನ್ನು ಸೋಸಿ ತೆಗೆಯಬಹುದು. ದೂಳಿನ ಕಲೆಯೆಂದು ಅಳಿಸಿಹೋಗಿದ್ದ ಚುಕ್ಕೆ ನ್ಯಾನೋ ಎಳೆಗಳನ್ನು ಕಾಪಾಡುವ ಜರಡಿಯಾಯಿತು. ಶುದ್ಧವಾದ ಮಿಡಿತ ಎಳೆಗಳ ನಡುವಿನ ಸಂದಿಗಳಲ್ಲಿ ಆಳಕ್ಕಿಳಿದು ಅಲ್ಲೇ ಸಿಕ್ಕಿಕೊಂಡಿತು. ಚಿನ್ನದ ಪರಮಾಣುವಿನಲ್ಲಿರುವ 79 ಎಲೆಕ್ಟ್ರಾನುಗಳ ಪೈಕಿ 52ರ ತನಕ ಕಿತ್ತುಹೋದವು ಎಂದು 2013ರಲ್ಲಿ ಅವರು ವರದಿ ಮಾಡಿದರು. 2017ರ ಹೊತ್ತಿಗೆ ಲೇಸರ್ ಶಕ್ತಿಯ ಶೇಕಡಾ 20ರಷ್ಟು 1,000 ಎಲೆಕ್ಟ್ರಾನ್-ವೋಲ್ಟಿಗೆ ಮೇಲಿನ ಕ್ಷ-ಕಿರಣವಾಗಿ ಹೊರಬಂದಿತ್ತು.

ಇಷ್ಟೆಲ್ಲ ಪಾಡು ಯಾತಕ್ಕೆಂದು ಕೇಳುವವರಿಗೆ 1997ರ ಒಂದು ಉದಾಹರಣೆ ಕೊಡುತ್ತೇನೆ. ಫ್ರಾನ್ಸಿನಲ್ಲಿ ಲೇಸರ್ ಪ್ಲಾಸ್ಮಾದ ಕ್ಷ-ಕಿರಣದಿಂದ ಒಂದು ಸಾವಯವ ತೆಳುಪದರವನ್ನು ನೋಡುತ್ತ, ಅದು ಬಿಸಿಯಾಗಿ ಪರಮಾಣುಗಳ ಸಾಲು ಕದಡುವುದನ್ನು ಒಂದು ಪಿಕೋಸೆಕೆಂಡಿಗಿಂತ, ಅಂದರೆ 1,000 ಫೆಮ್ಟೋಸೆಕೆಂಡಿಗಿಂತ, ಕಡಿಮೆ ಅವಧಿಯಲ್ಲಿ ಹಿಡಿದರು. 2003ರಲ್ಲಿ ಜರ್ಮನಿಯವರು ಇಂಥದೇ ಕಿರಣದಿಂದ ಬಿಸ್ಮತ್ ಲೋಹದ ಪರಮಾಣುಗಳು ಕರಗುವ ಅಂಚಿನಲ್ಲಿ ಒಟ್ಟಾಗಿ ತೂಗಾಡುವುದನ್ನು ಕಂಡರು. ನಿಜ, ಈ ಕೆಲಸಕ್ಕೆ ಈಗ ಇನ್ನೂ ಪ್ರಖರವಾದ ಯಂತ್ರಗಳಿವೆ. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿನಲ್ಲಿ 2009ರಲ್ಲಿ ಬೆಳಗಿದ ಕ್ಷ-ಕಿರಣ ಲೇಸರಿಗೆ ಸುಮಾರು ಒಂದು ಕಿಲೋಮೀಟರ್ ಉದ್ದದ ಎಲೆಕ್ಟ್ರಾನ್ ವೇಗವರ್ಧಕದ ಆಸರೆ ಬೇಕು. ಹ್ಯಾಂಬರ್ಗ್ ಬಳಿಯ ಯುರೋಪಿನ ಯಂತ್ರ 3.4 ಕಿಲೋಮೀಟರ್ ಸುರಂಗದಲ್ಲಿ ಮಲಗಿದೆ. ಅವುಗಳ ಕಿರಣದ ಶಿಸ್ತಿಗೆ ಮೇಜಿನ ಮೇಲಿನ ಪ್ಲಾಸ್ಮಾ ಸಾಟಿಯಲ್ಲ. ಆದರೆ ಅಲ್ಲಿ ಕೆಲವು ಗಂಟೆಗಳ ಕಿರಣಕ್ಕಾಗಿ ಜಗತ್ತಿನ ವಿಜ್ಞಾನಿಗಳು ಅರ್ಜಿ ಹಾಕಿ ಸರದಿ ಕಾಯುತ್ತಾರೆ. ಒಂದು ಕೋಣೆಯಲ್ಲಿ ಹಿಡಿಸುವ, ಒಬ್ಬ ಸಂಶೋಧನಾ ವಿದ್ಯಾರ್ಥಿ ಬೆಳಿಗ್ಗೆ ಬಂದು ಚಾಲೂ ಮಾಡಬಹುದಾದ ಕ್ಷ-ಕಿರಣ ಮಿಂಚಿನ ಬೆಲೆ ಇರುವುದು ಅಲ್ಲಿ.

ಆ ಕೋಣೆಯಲ್ಲೂ ಒಂದು ಕೊರತೆ ಬಹಳ ಕಾಲ ಉಳಿದಿತ್ತು. ಪ್ರತಿ ಹೊಡೆತಕ್ಕೂ ಟಾರ್ಗೆಟ್ಟಿನ ಆ ಜಾಗ ಹಾಳಾಗುತ್ತದೆ. ಅಷ್ಟು ನಾಜೂಕಾಗಿ ಕಟ್ಟಿದ ಕಣಗಳು ಒಂದು ಮಿಡಿತಕ್ಕೆ ಮುಗಿದುಹೋಗುತ್ತವೆ. ನಿರ್ವಾತದ ಪೆಟ್ಟಿಗೆಯೊಳಗೆ ತಟ್ಟೆಯನ್ನು ಸರಿಸಿ ಸರಿಸಿ ಹೊಸ ಜಾಗ ಒಡ್ಡುತ್ತಿರಬೇಕು, ತಟ್ಟೆ ತೀರಿದರೆ ಪೆಟ್ಟಿಗೆ ತೆರೆದು ಬೇರೆಯದು ಇಡಬೇಕು. ಸೆಕೆಂಡಿಗೆ 1,000 ಮಿಡಿತ ಕೊಡುವ ಲೇಸರಿದ್ದರೂ ಟಾರ್ಗೆಟ್ ಅದಕ್ಕೆ ಸಮನಾಗಿ ಒದಗುವುದಿಲ್ಲ. ಇದಕ್ಕೆ ಸಿಕ್ಕಿದ ಒಂದು ಉತ್ತರ ತೈವಾನಿನ ತೈಪೆಯದು. ಅಲ್ಲಿನ ಅಕಾಡೆಮಿಯಾ ಸಿನಿಕಾದಲ್ಲಿ ಕೋಜಿ ಹಾತನಾಕಾ ಅವರ ಗುಂಪು ಫ್ಯಾರಡೆ ಮಾಡಿದ್ದಂಥ ಚಿನ್ನದ ನೀರನ್ನೇ ತೆಗೆದುಕೊಂಡಿತು. ಚಿನ್ನದ ನ್ಯಾನೋಗೋಲಗಳು ತೇಲುವ ನೀರನ್ನು ಸಣ್ಣ ಧಾರೆಯಾಗಿ ಹರಿಸಿ ಅದರ ಮೇಲೆ ಫೆಮ್ಟೋಸೆಕೆಂಡ್ ಮಿಡಿತಗಳನ್ನು ಹೊಡೆದು, ಗಡುಸಾದ ಕ್ಷ-ಕಿರಣ ಬಂದುದನ್ನು 2016ರಲ್ಲಿ ಪ್ರಕಟಿಸಿತು. ನಿರ್ವಾತದ ಪೆಟ್ಟಿಗೆ ಇರಲಿಲ್ಲ, ಪ್ರಯೋಗ ನಡೆದದ್ದು ಕೋಣೆಯ ಗಾಳಿಯಲ್ಲೇ. ಒಂದು ಮಿಡಿತ ಹಾಳುಮಾಡಿದ ನೀರು ಮುಂದೆ ಹರಿದುಹೋಗುವಷ್ಟರಲ್ಲಿ ಮುಂದಿನ ಮಿಡಿತಕ್ಕೆ ಹೊಸ ಚಿನ್ನ ಬಂದಿರುತ್ತಿತ್ತು.